ಬಿಜ್ಜರಗಿಯಲ್ಲಿ ಗುರುಬಾಯಿ ಪೇಪರ್ ಓದುತ್ತಾರೆ

ಗುರುಬಾಯಿ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದಾಗ ಅವರ ತಲೆಯ ಮೇಲೆ ಒಂದು ಹೊರೆ ಇತ್ತು. ಒಣಗಿದ ಬಳ್ಳಿ ಕಡ್ಡಿಗಳ ಹೊರೆ. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ, ಬ್ಯಾಗಿನ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಸಣ್ಣ ದಿನಪತ್ರಿಕೆಯ ಕಚೇರಿ. ಅಲ್ಲಿಗೆ ಜನ ಮನವಿಪತ್ರ ತರುತ್ತಾರೆ, ಸನ್ಮಾನದ ಫೋಟೊ ತರುತ್ತಾರೆ, ಕೆಲವರು ಪೇಢೆ ತರುತ್ತಾರೆ. ಕಡ್ಡಿಯ ಹೊರೆ ತಂದವರು ಅವರೊಬ್ಬರೇ. ತಂದದ್ದನ್ನು ಸೀದಾ ನನ್ನ ಮೇಜಿನ ಮೇಲೆ, ಚಹಾದ ಕಪ್ಪಿನ ಪಕ್ಕ ಇಳಿಸಿದರು.

"ಸಾಹೇಬ್ರ, ಇದರಾಗ ಒಂದು ದ್ರಾಕ್ಷಿ ಹುಡುಕಿ ಕೊಡ್ರಿ," ಅಂದರು.

ನನಗೆ ತಲೆಬುಡ ತಿಳಿಯಲಿಲ್ಲ. ಪಕ್ಕದಲ್ಲಿ ಕಂಪ್ಯೂಟರಿನಲ್ಲಿ ಪುಟ ಕಟ್ಟುತ್ತಿದ್ದ ಅಂಜುಮ ಮಾತ್ರ ತಲೆಯೆತ್ತಿ ಕಡ್ಡಿ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ತಲೆ ತಗ್ಗಿಸಿದಳು. ಅವಳಿಗೆ ಆಗಲೇ ತಿಳಿದಿತ್ತು. ನನಗೆ ತಿಳಿಯಲು ಇನ್ನೂ ಹತ್ತು ನಿಮಿಷ ಬೇಕಾಯಿತು, ಅದರ ನಾಚಿಕೆ ಹೋಗಲು ಎಷ್ಟು ದಿನ ಬೇಕೋ ಗೊತ್ತಿಲ್ಲ.

ನನ್ನ ಹೆಸರು ಸಂಗಣ್ಣ. ಹತ್ತೊಂಬತ್ತು ವರ್ಷದಿಂದ ಈ ಪತ್ರಿಕೆಯಲ್ಲಿ ಉಪಸಂಪಾದಕ. ತಾಲ್ಲೂಕಿನ ವರದಿಗಾರರು ಮೊಬೈಲಿನಲ್ಲಿ ನಾಲ್ಕು ಸಾಲು ಕಳಿಸಿದರೆ ಅದನ್ನು ತಿದ್ದಿ, ಉದ್ದ ಮಾಡಿ, ತಲೆಬರಹ ಕೊಟ್ಟು ಸುದ್ದಿ ಮಾಡುವವನು ನಾನು. ಜಿಲ್ಲೆಯ ಅಷ್ಟೂ ಊರುಗಳ ಹೆಸರು ನನ್ನ ಬಾಯಲ್ಲಿವೆ, ಅದರಲ್ಲಿ ಕಾಲಿಟ್ಟ ಊರು ಕೈಬೆರಳಿನಷ್ಟೂ ಇಲ್ಲ. ಕುರ್ಚಿ ಬಿಟ್ಟು ಏಳದೆಯೇ ಲೋಕದ ನ್ಯಾಯ ಹೇಳುವ ಕೆಲಸ ಇದು, ಅದರ ಜಂಬವೂ ನನಗೆ ಸಾಕಷ್ಟು ಇತ್ತು.

ಗುರುಬಾಯಿ ಅವರದು ಟಿಕೋಟಾದ ಆಚೆ ಬಿಜ್ಜರಗಿ. ಐವತ್ತೈದರ ಹತ್ತಿರ ವಯಸ್ಸು. ಗಂಡ ಯಲ್ಲಾಲಿಂಗ, ಮನೆಯಲ್ಲಿ ನೂರ ನಲವತ್ತು ಕುರಿ, ಮಳೆ ನಂಬಿದ ಎರಡು ಎಕರೆ ಹೊಲ. ಏಳನೆಯ ತರಗತಿ ಮುಗಿಸಿ ಸೊಸೆಯಾಗಿ ಬಂದವರು. ಮಾವನ ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣದಾದಾಗ, "ಯವ್ವಾ, ಪೇಪರ್ ಒಂದೀಟು ಓದಿ ಹೇಳು" ಎಂದರಂತೆ. ಸೊಸೆ ಓದಿದರು. ಮಾವನ ಜೊತೆ ಇಬ್ಬರು ಮುದುಕರು ಬಂದು ಕೂತರು, ಅವರ ಹಿಂದೆ ನಾಲ್ವರು. ಅಂಗಳ ಸಾಲದೆ ಓದು ಹಿಟ್ಟಿನ ಗಿರಣಿಯ ಕಟ್ಟೆಗೆ ಬಂತು. ಮಾವ ತೀರಿಕೊಂಡು ಹದಿನಾರು ವರ್ಷವಾದರೂ ಓದು ನಿಂತಿಲ್ಲ. ಬೆಳಗಿನ ಬಸ್ಸಿಗೆ ಪೇಪರ್ ಬಂದರೆ ಏಳೂವರೆಗೆ ಕಟ್ಟೆಯ ತುಂಬ ಜನ. ಎಲ್ಲರ ಜೇಬಿನಲ್ಲೂ ಮೊಬೈಲು ಇದೆಯಲ್ಲ, ಮತ್ತೇಕೆ ಇದು ಎಂದು ಆಮೇಲೆ ಒಬ್ಬ ಮುದುಕರನ್ನು ನಾನೇ ಕೇಳಿದೆ. "ಮೊಬೈಲು ಬರೇ ಹೇಳತೈತಿ ರಿ. ನಮ್ಮ ಗುರುಬಾಯಿ ಕೇಳತಾಳ" ಎಂದರು.

ಏನು ಕೇಳುತ್ತಾರೆ? ಅಲ್ಲೇ ಇರುವುದು ಅವರ ಪದ್ಧತಿ. ಸುದ್ದಿ ಓದುತ್ತ ಹೋದಂತೆ ಅದರಲ್ಲಿ ಯಾರ ಮಾತು ಬಂದಿದೆಯೋ ಅವರ ಲೆಕ್ಕಕ್ಕೆ ಒಂದೊಂದು ಬೆರಳು ಎತ್ತುತ್ತಾರೆ. ಅಧಿಕಾರಿ ಹೇಳಿದರೆ ಒಂದು, ಊರಿನವರು ಹೇಳಿದರೆ ಇನ್ನೊಂದು. ಓದಿ ಮುಗಿದ ಮೇಲೆ ಕೈಯನ್ನು ಜನರ ಮುಂದೆ ಹಿಡಿಯುತ್ತಾರೆ. ಮೂರು ಬೆರಳು ಎದ್ದಿದ್ದರೆ ಸುದ್ದಿ ನಂಬಬಹುದು. ಎರಡಾದರೆ ನಾಳೆಯ ತನಕ ತಡೆದು ನೋಡಬೇಕು. ಒಂದೇ ಬೆರಳು ಎದ್ದರೆ ಅದು ಸುದ್ದಿಯಲ್ಲ, ಚಾಡಿ. ಪತ್ರಿಕೋದ್ಯಮದ ಮೇಲೆ ಮೂರು ದಿನದ ಕಮ್ಮಟಕ್ಕೆ ಹೋಗಿ ಬಂದಿದ್ದೇನೆ, ಪ್ರಮಾಣಪತ್ರ ಗೋಡೆಯ ಮೇಲಿದೆ. ಇಷ್ಟು ಸರಳವಾಗಿ ಅಲ್ಲಿ ಯಾರೂ ಹೇಳಲಿಲ್ಲ.

ಅವರದು ಇನ್ನೊಂದು ನೇಮ. ಓದುವಾಗ ಒಂದು ಅಕ್ಷರವನ್ನೂ ಬಿಡುವಂತಿಲ್ಲ, ಬದಲಿಸುವಂತಿಲ್ಲ. ತಮ್ಮ ಮಾತೇನಿದ್ದರೂ ಓದು ಮುಗಿದ ಮೇಲೆ. ಆಗ ಮಾತ್ರ ಯಾರ ಮುಲಾಜೂ ಇಲ್ಲ. "ದೊಡ್ಡವರು ಕೂಡಿದ್ರ ಸಭೆ ಅಂತ ಬರೀತಾರ, ನಾವು ಕೂಡಿದ್ರ ಗುಂಪು. ಅವರು ಜಗಳಾಡಿದ್ರ ವಾಗ್ವಾದ, ನಾವು ಜಗಳಾಡಿದ್ರ ದಾಂಧಲೆ. ಜಗಳ ಒಂದ, ಅಂಗಿ ಬ್ಯಾರೆ ಬ್ಯಾರೆ" ಎನ್ನುತ್ತಾರೆ. ಕಟ್ಟೆಯವರು ನಗುತ್ತಾರೆ. ಇಂಥ ನಗು ನಮ್ಮ ಮೇಲೆ ದಿನಾ ಬೆಳಿಗ್ಗೆ ನಡೆಯುತ್ತಿತ್ತು ಎಂಬುದು ನಮಗೆ ಗೊತ್ತೇ ಇರಲಿಲ್ಲ.

ಮೇ ತಿಂಗಳ ಮೊದಲ ವಾರದ ಆ ಬೆಳಿಗ್ಗೆ ಅವರು ನಮ್ಮ ಪತ್ರಿಕೆಯ ಮೂರನೆಯ ಪುಟ ಬಿಚ್ಚಿದಾಗ ತಲೆಬರಹ ಹೀಗಿತ್ತು: "ದ್ರಾಕ್ಷಿ ತೋಟಕ್ಕೆ ಕುರಿ ನುಗ್ಗಿಸಿ ದಾಂಧಲೆ, ಪ್ರಗತಿಪರ ರೈತನ ಮೇಲೆ ಮಾರಣಾಂತಿಕ ಹಲ್ಲೆ". ಪಕ್ಕದಲ್ಲಿ ರಸ ತುಂಬಿ ಜೋತಾಡುವ ದ್ರಾಕ್ಷಿ ಗೊಂಚಲುಗಳ ಬಣ್ಣದ ಚಿತ್ರ. ಕೆಳಗೆ ಸುದ್ದಿ: "ಬಿಜ್ಜರಗಿ ಗ್ರಾಮದ ಪ್ರಗತಿಪರ ರೈತ ಅಮರಪ್ಪ ಅವರ ತೋಟಕ್ಕೆ ಕುರಿಗಾಹಿಗಳ ಗುಂಪೊಂದು ಏಕಾಏಕಿ ನುಗ್ಗಿ ಫಸಲು ನಾಶಪಡಿಸಿದೆ. ಇದನ್ನು ಪ್ರಶ್ನಿಸಿದ ಅಮರಪ್ಪ ಅವರ ಮೇಲೆ ಯಲ್ಲಾಲಿಂಗ ಎಂಬಾತ ಮಾರಣಾಂತಿಕ ಹಲ್ಲೆ ನಡೆಸಿದ್ದಾನೆ. ಕುರಿಗಾಹಿಗಳ ಉಪಟಳ ಮಿತಿಮೀರಿದ್ದು, ಕಡಿವಾಣ ಹಾಕುವಂತೆ ರೈತರು ಆಗ್ರಹಿಸಿದ್ದಾರೆ." ಇದೇ ಧಾಟಿಯಲ್ಲಿ ಒಟ್ಟು ಇಪ್ಪತ್ತೆರಡು ಸಾಲು.

ಸ್ವಂತ ಗಂಡನ ಸುದ್ದಿ. ಬಿಟ್ಟು ಮುಂದಿನದಕ್ಕೆ ಹೋಗಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಗುರುಬಾಯಿ ಓದಿದರು. "ಎಂಬಾತ" ಎಂಬುದನ್ನೂ ಓದಿದರು, "ಮಾರಣಾಂತಿಕ" ಎಂಬುದನ್ನೂ ಓದಿದರು. ಮುಗಿಸಿ ಕೈ ಎತ್ತಿದಾಗ ಒಂದೇ ಬೆರಳಿತ್ತು, ಅಮರಪ್ಪನವರದು.

ಅಷ್ಟರಲ್ಲಿ ಫೋನು ಬಂತು, ಬಬಲೇಶ್ವರದಿಂದ. ಮಲ್ಲಿನಾಥ ಎಂಬ ರೈತ. ಮುಂಗಾರು ಬಿತ್ತುವ ಮೊದಲು ಪ್ರತಿ ವರ್ಷ ಯಲ್ಲಾಲಿಂಗ ಅವರ ಕುರಿಗಳನ್ನು ತಿಂಗಳುಗಟ್ಟಲೆ ತಮ್ಮ ಹೊಲದಲ್ಲಿ ನಿಲ್ಲಿಸಿಕೊಳ್ಳುವವರು. ಕುರಿಯ ಹಿಕ್ಕೆ ಹೊಲಕ್ಕೆ ಗೊಬ್ಬರ, ಕುರಿಗೆ ಮೇವು ನೀರು, ಮನೆಯವರಿಗೆ ಜೋಳ. ಅವರು ಹೂಂ ಎಂದರೆ ಸುತ್ತಲಿನ ಇನ್ನೂ ನಾಲ್ಕು ಹೊಲದವರು ಹೂಂ ಎನ್ನುತ್ತಾರೆ. ಬಿಜ್ಜರಗಿಯಲ್ಲಿ ಆಗ ಹಸಿರು ಮುಗಿದಿತ್ತು, ಗುರುವಾರಕ್ಕೆ ಹಿಂಡು ಹೊರಡಲೇಬೇಕಿತ್ತು. ಮಲ್ಲಿನಾಥ ಹೇಳಿದ್ದು ಒಂದೇ ಮಾತು: "ಈ ವರ್ಷ ಬ್ಯಾಡ ರಿ. ಪೇಪರ್‌ದಾಗ ಬಂದದ್ದು ನೋಡಿದ್ವಿ."

ಕುರಿ ಹೊರಡದಿದ್ದರೆ ಮಾರಬೇಕು. ಮೇ ತಿಂಗಳಲ್ಲಿ ಸೊರಗಿದ ಕುರಿಯನ್ನು ಕೊಳ್ಳುವವರು ಕಸಾಯಿಯವರು ಮಾತ್ರ. ಗುರುಬಾಯಿ ಪೇಪರ್ ಮಡಚಿ ಸೆರಗಿಗೆ ಸಿಕ್ಕಿಸಿಕೊಂಡರು. ಅಮರಪ್ಪನವರ ತೋಟದ ಬೇಲಿಯಾಚೆ ಬಿದ್ದಿದ್ದ ಕಡ್ಡಿಗಳನ್ನು ಹೊರೆ ಕಟ್ಟಿ ಬಸ್ ಹತ್ತಿದರು. ಹೀಗೆ ಅವರು ನನ್ನ ಮೇಜಿನ ಮುಂದೆ ಬಂದು ನಿಂತಿದ್ದರು.

"ದ್ರಾಕ್ಷಿ ಸಿಕ್ಕಿತೇನ್ರಿ?" ಎಂದು ಮತ್ತೆ ಕೇಳಿದರು.

"ಅಕ್ಕಾರ, ಏನು ವಿಷಯ ಹೇಳ್ರಿ," ಅಂದೆ.

"ವಿಷಯ ನೀವ ಬರದೀರಲ್ಲ. ಫಸಲು ನಾಶ ಅಂತ. ಮಾರ್ಚ ತಿಂಗಳದಾಗ ದ್ರಾಕ್ಷಿ ಕಡದು, ಒಣಸಿ, ಮಾರಿ ಆಗೈತಿ. ಏಪ್ರಿಲ್‌ದಾಗ ಚಾಟ್ನಿ ಮಾಡ್ಯಾರ. ಬಳ್ಳಿ ಬೋಳ ಬೋಳ ನಿಂತೈತಿ. ನಮ್ಮ ಕುರಿ ಏನು ತಿಂದಾವ, ಕಬ್ಬಿಣದ ತಂತಿ ತಿಂದಾವೇನು?"

ಚಾಟ್ನಿ ಎಂದರೆ ಕೊಯ್ಲಾದ ಮೇಲೆ ಬಳ್ಳಿಯನ್ನು ಕತ್ತರಿಸುವುದು. ದ್ರಾಕ್ಷಿಯ ಜಿಲ್ಲೆಯಲ್ಲಿ ಹುಟ್ಟಿ, ದ್ರಾಕ್ಷಿ ತಿಂದು ಬೆಳೆದ ನಾನು, ಮೇ ತಿಂಗಳಲ್ಲಿ ತೋಟದಲ್ಲಿ ಹಣ್ಣಿರುವುದಿಲ್ಲ ಎಂಬುದನ್ನು ಮರೆತು, ಹಳೆಯ ಕಡತದಿಂದ ಗೊಂಚಲಿನ ಚಿತ್ರ ತೆಗೆದು ಹಾಕಿದ್ದೆ. "ಸರ್, ಈಗ ಹಣ್ಣು ಇರ್ತಾವೇನ್ರಿ?" ಎಂದು ಅಂಜುಮ ಹಿಂದಿನ ದಿನವೇ ಕೇಳಿದ್ದಳು. "ಚಿತ್ರ ಚೆನ್ನಾಗಿದೆ, ಹಾಕಮ್ಮ" ಎಂದಿದ್ದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದವನು ನಾನೇ.

ಗುರುಬಾಯಿ ಅಷ್ಟಕ್ಕೇ ಬಿಡಲಿಲ್ಲ. ಸೆರಗಿನಿಂದ ಪೇಪರ್ ತೆಗೆದು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟರು.

"ಗುಂಪು ಅಂದ್ರ ಎಷ್ಟು ಮಂದಿ? ಅಲ್ಲಿದ್ದವರು ನಮ್ಮ ಮನಿಯವರು ಒಬ್ಬರ. ಉಳಿದದ್ದು ಕುರಿ. ಕುರಿನೂ ಗುಂಪಿಗೆ ಹಿಡದೀರೇನು?"

ಬೆರಳು ಮುಂದಿನ ಸಾಲಿಗೆ ಸರಿಯಿತು.

"ರೈತರು ಆಗ್ರಹಿಸ್ಯಾರ ಅಂತ ಐತಿ. ಯಾವ ರೈತರು? ಒಂದು ಹೆಸರು ಹೇಳ್ರಿ ಸಾಕು. ಇದನ್ನ ಬರದವರು ಯಾರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ತಕ್ಷಣ, "ನಮ್ಮ ಟಿಕೋಟಾ ವರದಿಗಾರ ಹಣಮಂತ ಕಳಿಸಿದ್ದು" ಎಂದೆ. ಅವರ ಎದುರೇ ಹಣಮಂತನಿಗೆ ಫೋನು ಹಚ್ಚಿದೆ, ಸ್ಪೀಕರ್ ಹಾಕಿದೆ. ಗದರಿಸಿ ಕೈ ತೊಳೆದುಕೊಳ್ಳುವ ಹುನ್ನಾರ. ಹಣಮಂತ ಶಾಂತವಾಗಿ ಹೇಳಿದ: "ಸರ್, ನಾ ಕಳಿಸಿದ ಮೆಸೇಜು ನಿಮ್ಮ ಫೋನ್‌ದಾಗ ಐತಿ, ಓದ್ರಿ. ಅಮರಪ್ಪ ಅವರ ತೋಟದಾಗ ಕುರಿ ಹೊಕ್ಕಾವ, ಕುರಿಯವರಿಗೂ ಅವರಿಗೂ ಜಗಳ ಆಗೈತಿ, ದಬ್ಬಿದ್ದಕ್ಕ ಮೊಣಕೈ ತರಚೈತಿ, ಫೋಟೊ ಇಲ್ಲ. ಅಷ್ಟ. ಕುರಿಯವರನ್ನ ನಾನೂ ಕೇಳಲಿಲ್ಲ, ಅದು ನನ್ನ ತಪ್ಪು. ಉಳಿದದ್ದು ನಿಮ್ಮದು."

ನಾಲ್ಕು ಸಾಲು. ಅಚ್ಚಾದದ್ದು ಇಪ್ಪತ್ತೆರಡು. ನಡುವಿನ ಹದಿನೆಂಟು ಸಾಲು ಎಲ್ಲಿಂದ ಬಂದವು? ನನ್ನ ತಲೆಯಿಂದ. ಕುರಿಯವರು ಎಂದರೆ ಗುಂಪು, ಗುಂಪು ಎಂದರೆ ನುಗ್ಗುವುದು, ನುಗ್ಗಿದರೆ ದಾಂಧಲೆ. ತೋಟದವರು ಎಂದರೆ ಪ್ರಗತಿಪರ. ಬೆರಳುಗಳಿಗೆ ದಾರಿ ಎಷ್ಟು ರೂಢಿಯಾಗಿತ್ತೆಂದರೆ ತಲೆಯನ್ನು ಕೇಳುವ ಗೋಜಿಗೇ ಅವು ಹೋಗಿರಲಿಲ್ಲ. ಯಾರ ಮೇಲೂ ನನಗೆ ದ್ವೇಷ ಇರಲಿಲ್ಲ. ಇದ್ದಿದ್ದರೆ ಕಾರಣವನ್ನಾದರೂ ಹೇಳಬಹುದಿತ್ತು.

"ನಡದದ್ದು ಏನು, ಹೇಳ್ರಿ ಅಕ್ಕಾರ," ಎಂದು ಕುರ್ಚಿ ಕೊಟ್ಟೆ. ಕೂತರು, ನೀರು ಕುಡಿದರು, ಹೇಳಿದರು.

ಚಾಟ್ನಿ ಮಾಡಿದ ತೋಟದಲ್ಲಿ ಎಲೆ ರಾಶಿ ಬಿದ್ದಿರುತ್ತದೆ. ಬೇಸಿಗೆಯಲ್ಲಿ ಕುರಿಗೆ ಅದು ಹಬ್ಬದೂಟ, ತೋಟದವರಿಗೂ ಕಸ ಹೋಗಿ ಗೊಬ್ಬರ ಬಿದ್ದಂತೆ. ಅದಕ್ಕೆ ತೋಟದವರೇ ಕುರಿ ಕರೆಯುತ್ತಾರೆ. ಕರೆದವರು ತೋಟದ ಬಾಗಿಲಿಗೆ ಕತ್ತರಿಸಿದ ಕಡ್ಡಿಗಳ ಒಂದು ಸಿವುಡು ಕಟ್ಟಬೇಕು. ಸಿವುಡು ಕಂಡರೆ ಕುರಿ ಒಳಗೆ, ಇಲ್ಲದಿದ್ದರೆ ಹೊರಗೆ. ಅದು ಆ ಊರಿನ ಕಟ್ಟಳೆ. ಅಮರಪ್ಪನವರ ಮಗ ಅರುಣಕುಮಾರ ಹಿಂದಿನ ದಿನ ಬೆಳಿಗ್ಗೆ ಯಲ್ಲಾಲಿಂಗ ಅವರಿಗೆ ಫೋನು ಮಾಡಿ, ಕಾಕಾ ಕುರಿ ಹೊಡಕೊಂಡು ಬರ್ರಿ ಎಂದು ಕರೆದ. ಫೋನಿನಲ್ಲಿ ಹೇಳಿದ್ದೇನಲ್ಲ ಎಂದು ಸಿವುಡು ಕಟ್ಟಲಿಲ್ಲ, ಅಪ್ಪನಿಗೂ ತಿಳಿಸಲಿಲ್ಲ. ಯಲ್ಲಾಲಿಂಗ ಹೋಗಿ ನೋಡಿದರೆ ಬಾಗಿಲು ಬರಿದು. ಹಸಿದ ಕುರಿ ನಿಲ್ಲಲಿಲ್ಲ, ಕರೆದಿದ್ದಾನಲ್ಲ ಎಂದು ಇವರೂ ಬಿಟ್ಟರು. ಅಮರಪ್ಪ ಬಂದು ನೋಡಿದರೆ ಸಿವುಡಿಲ್ಲದ ತೋಟದಲ್ಲಿ ನೂರ ನಲವತ್ತು ಕುರಿ, ನೀರಿನ ಪೈಪಿನ ಎರಡು ಜೋಡಣೆ ಬಿಚ್ಚಿವೆ. ಬಾಯಿಗೆ ಬಂದದ್ದು ಬೈದು ಕುರಿಗೆ ಕೋಲು ಬೀಸಿದರು. ಗಬ್ಬದ ಕುರಿಯೊಂದಕ್ಕೆ ಏಟು ಬಿತ್ತು. ಯಲ್ಲಾಲಿಂಗ ದಬ್ಬಿದರು.

"ಸಿವುಡು ನೋಡದ ಒಳಗ ಹೋಗಿದ್ದು ನಮ್ಮ ಮನಿಯವರ ತಪ್ಪು. ದಬ್ಬಿದ್ದೂ ತಪ್ಪು. ಅದನ್ನ ನಾ ಇಲ್ಲ ಅನ್ನೂದಿಲ್ಲ. ಕಳ್ಳರಂಗ ನುಗ್ಗಿಲ್ಲ, ಕರದ್ರು ಅಂತ ಹೋಗ್ಯಾರ. ಅಷ್ಟು ಬರೀರಿ."

ನಾನು ಅರುಣಕುಮಾರನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಕತ್ತರಿಸಿದ. ಒಳಗಿನ ಕೋಣೆಯಿಂದ ಸಂಪಾದಕರು ಬಂದು ಎಲ್ಲ ಕೇಳಿಸಿಕೊಂಡು, "ನಾಳೆ ಎರಡು ಸಾಲು ಸ್ಪಷ್ಟನೆ ಹಾಕೋಣ, ಕೊನೆಯ ಪುಟದಲ್ಲಿ" ಎಂದರು.

"ಕೊನೀ ಪುಟದಾಗ ಕಿರಾಣಿ ಅಂಗಡಿ ಜಾಹೀರಾತು ಇರತಾವ ರಿ, ಅದನ್ನ ನಾ ಓದೂದ ಇಲ್ಲ," ಅಂದರು ಗುರುಬಾಯಿ. "ಬೈದದ್ದು ಚಾವಡ್ಯಾಗ, ತಪ್ಪಾತು ಅನ್ನೂದು ಹಿತ್ತಲದಾಗ. ಇದ್ಯಾವ ನ್ಯಾಯ?"

ಸಂಪಾದಕರು ಗಡಿಯಾರ ನೋಡಿದರು. ನಮ್ಮ ಪುಟ ಸಂಜೆ ಐದಕ್ಕೆ ಮುದ್ರಣಕ್ಕೆ ಹೋಗಲೇಬೇಕು, ಯಂತ್ರ ಬೇರೆಯವರದು. "ತೋಟದವರು ಒಪ್ಪಿ ಹೇಳಿದರೆ ಐದರೊಳಗೆ ಸುದ್ದಿ ತಾ, ಅದೇ ಜಾಗದಲ್ಲಿ ಹಾಕುತ್ತೇನೆ. ಇಲ್ಲದಿದ್ದರೆ ಎರಡೇ ಸಾಲು" ಎಂದು ಒಳಗೆ ಹೋದರು. ಆಗ ಹನ್ನೊಂದೂವರೆ.

ನಾನು ಬೈಕಿನ ಕೀಲಿ ತೆಗೆದುಕೊಂಡೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಒಂದು ಸುದ್ದಿಗಾಗಿ ಕುರ್ಚಿ ಬಿಟ್ಟು ಎದ್ದಿದ್ದೆ, ಎದೆ ಹುಡುಗರ ಹಾಗೆ ಹಾರುತ್ತಿತ್ತು. ಗುರುಬಾಯಿ ಸೆರಗು ಬಿಗಿದು ಹಿಂದೆ ಕೂತರು. ಊರು ದಾಟಿದ್ದೇ ಬಿಸಿಗಾಳಿ ಮುಖಕ್ಕೆ ಹೊಡೆಯತೊಡಗಿತು. ನನ್ನ ಹಳೆಯ ಬೈಕು ಎಪ್ಪತ್ತರ ವೇಗಕ್ಕೆ ಒದರಾಡುತ್ತಿದ್ದರೆ ಹಿಂದಿನಿಂದ ಅವರು, "ಇನ್ನೊಂದೀಟು ಜೋರ ಹೊಡೀರಿ ತಮ್ಮಾ" ಎನ್ನುತ್ತಿದ್ದರು. ಟಿಕೋಟಾದಲ್ಲಿ ಹಣಮಂತನೂ ತನ್ನ ಗಾಡಿ ಹತ್ತಿ ಹಿಂದೆ ಬಂದ. ಅವನೂ ಆ ಊರಿಗೆ ಹೋಗಿ ಬರೆದವನಲ್ಲ.

ಅಮರಪ್ಪನವರ ತೋಟ ಕಂಡಾಗ ನನಗೆ ನಗುವೂ ಬಂತು, ಅಳುವೂ ಬಂತು. ಸಾಲು ಸಾಲು ಬೋಳು ಕಾಂಡ, ಮೇಲೆ ತಂತಿ, ಕೆಳಗೆ ಒಣ ಎಲೆ. ನಮ್ಮ ಪುಟದ ರಸಭರಿತ ಗೊಂಚಲಿಗೂ ಇದಕ್ಕೂ ಸಂಬಂಧವೇ ಇಲ್ಲ. ಅಮರಪ್ಪ ಬೇವಿನ ನೆರಳಲ್ಲಿ ಕೂತಿದ್ದರು. ಮಾರಣಾಂತಿಕ ಹಲ್ಲೆಗೆ ಒಳಗಾದ ಮೊಣಕೈಗೆ ಅರಿಸಿನ ಹಚ್ಚಿಕೊಂಡಿದ್ದರು.

"ಬರ್ರಿ ಪೇಪರ್‌ನವರ," ಎಂದು ಅವರೇ ಮೊದಲು ರೇಗಿದರು. "ನಾ ಸಾಯಾಕತ್ತೇನಿ ಅಂತ ಬರದೀರಿ. ಮುಂಜಾನಿಂದ ಬೀಗರು ಫೋನ್ ಮಾಡಿ ಮಾಡಿ ತಲಿ ತಿಂದಾರ. ಸೊಲ್ಲಾಪುರದಾಗಿನ ನನ್ನ ಮಗಳು ಅಳಕೋತ ಬಸ್ ಹತ್ಯಾಳ."

"ನುಗ್ಗ್ಯಾರ ಅಂತ ನೀವ ಹೇಳಿದ್ರೇನ್ರಿ? ಕರದಿದ್ರು ಅಂತಾರಲ್ಲ," ಅಂದೆ.

"ಕುರಿ ಹೊಕ್ಕಾವ ಅಂದೆ. ಸಿಟ್ಟಿನಾಗ ಇನ್ನೇನೇನೋ ಅಂದಿರಬೇಕು. ಯಾರರೆ ಕರದಾರ ಅನ್ನೂದು ನನಗ ಏನು ಗೊತ್ತು?"

ಗುರುಬಾಯಿ ಅಮರಪ್ಪನವರ ಕಡೆ ನೋಡಲೇ ಇಲ್ಲ. ಮೋಟಾರಿನ ಕೋಣೆಯ ಹತ್ತಿರ ನಿಂತಿದ್ದ ಅರುಣಕುಮಾರನ ಕಡೆ ನೋಡಿದರು. ಇಪ್ಪತ್ತೈದರ ಹುಡುಗ, ಕೈಯಲ್ಲಿ ಫೋನು ಹಿಡಿದು ಬೆವರುತ್ತಿದ್ದ.

"ಅರುಣಾ, ಕರದಿ ಅನ್ನೂದು ಒಂದು ಮಾತು. ಅದು ಸಿಗಲಿಲ್ಲ ಅಂದ್ರ ಗುರುವಾರ ನಮ್ಮ ಕುರಿ ಬಬಲೇಶ್ವರಕ್ಕ ಹೋಗೂದಿಲ್ಲ. ಕಸಾಯಿಯವರ ಗಾಡಿ ಹತ್ತತಾವ. ನಿನಗ ನಾ ಜೋರು ಮಾಡೂದಿಲ್ಲಪಾ. ನೀನ ಹೇಳು."

ಅವನು ಅಪ್ಪನ ಮುಖ ನೋಡಿದ. ನಾನು ಮನಸ್ಸಿನಲ್ಲೇ ಹೇಳು, ಹೇಳು ಎಂದು ಒದ್ದಾಡುತ್ತಿದ್ದೆ. ಕೊನೆಗೆ ಹುಡುಗ ಫೋನು ತೆರೆದು ಹಿಂದಿನ ದಿನ ಬೆಳಗಿನ ಕರೆಯ ಪಟ್ಟಿ ನನ್ನ ಮುಂದೆ ಹಿಡಿದ. "ನಾನ ಕರದೇನ್ರಿ. ಸಿವುಡು ಕಟ್ಟಲಿಲ್ಲ. ಅಪ್ಪ ಬೈತಾನ ಅಂತ ಆಮ್ಯಾಲ ಬಾಯಿ ಬಿಡಲಿಲ್ಲ."

ಅಮರಪ್ಪ ಮಗನನ್ನು ಚೆನ್ನಾಗಿಯೇ ಬೈದರು. ಬೈದು ಸಾಕಾದ ಮೇಲೆ ನನಗೆ ಹೇಳಿದರು: "ಬರಕೋರಿ. ಕರದವರು ನಮ್ಮವರ. ಆದ್ರ ಯಲ್ಲಾಲಿಂಗ ನನ್ನ ದಬ್ಬಿದ್ದು ಖರೇ, ಅದನ್ನ ಬಿಡಬ್ಯಾಡ್ರಿ." ಹಣಮಂತ ಬೋಳು ತೋಟದ ಫೋಟೊ ತೆಗೆದ. ಕುರಿ ಹಟ್ಟಿಗೆ ಹೋಗಿ ಯಲ್ಲಾಲಿಂಗ ಅವರನ್ನೂ ಕೇಳಿದೆ. ಅವರು ಹೆಚ್ಚು ಮಾತಿನವರಲ್ಲ. "ಕುರಿಗೆ ಹೊಡದ್ರು, ನನ್ನ ಕೈ ಹೋತು. ಹೋಗಬಾರದಿತ್ತು" ಎಂದಷ್ಟೇ ಹೇಳಿದರು. ನನ್ನ ಪುಸ್ತಕದಲ್ಲಿ ಈಗ ಮೂವರ ಮಾತಿತ್ತು.

ಮರಳಿ ಕಚೇರಿ ಮುಟ್ಟಿದಾಗ ನಾಲ್ಕು ಗಂಟೆ. ಅಚ್ಚಾಗುವ ಮೊದಲು ಓದಿಯೇ ಹೋಗುತ್ತೇನೆ ಎಂದು ಗುರುಬಾಯಿಯೂ ಬಂದಿದ್ದರು. ಬಿಸಿ ಬಿಸಿ ಹುಮ್ಮಸ್ಸಿನಲ್ಲಿ ಕೂತು ಬರೆದೆ. ತಲೆಬರಹ ತಾನಾಗಿಯೇ ಬಂತು: "ಬಡ ಕುರಿಗಾಹಿ ಮಹಿಳೆಯ ಕಣ್ಣೀರಿಗೆ ಮಿಡಿದ ಪತ್ರಿಕೆ". ಅಂಜುಮ ಅದನ್ನು ಪುಟಕ್ಕೆ ಹಾಕಿ ಪರದೆಯನ್ನು ಅವರ ಕಡೆ ತಿರುಗಿಸಿದಳು. ಗುರುಬಾಯಿ ಕಟ್ಟೆಯ ಮೇಲೆ ಓದುವ ಹಾಗೇ ಗಟ್ಟಿಯಾಗಿ ಓದಿದರು.

"ತಮ್ಮಾ, ನಾ ಯಾವಾಗ ಅತ್ತೇನಿ?"

ಅಂಜುಮ ಕಿಸಕ್ಕನೆ ನಕ್ಕಳು.

"ಬಡವಿ ಅಂತ ಯಾರು ಹೇಳಿದ್ರು? ನೂರ ನಲವತ್ತು ಕುರಿ ಅದಾವ. ಮುಂಜಾನಿ ನಮ್ಮನ್ನ ಪುಂಡರನ್ನ ಮಾಡಿದ್ರಿ, ಈಗ ಭಿಕಾರಿ ಮಾಡಾಕತ್ತೀರಿ. ನಡುವ ಒಂದು ಜಾಗ ಇಲ್ಲೇನು, ಮನುಷ್ಯಾರಂಗ ನಿಲ್ಲಾಕ?"

ಬೆರಳುಗಳು ಮತ್ತೆ ತಮ್ಮ ಹಳೆಯ ದಾರಿಗೇ ಹೋಗಿದ್ದವು, ಈ ಸಲ ಕರುಣೆಯ ಹೆಸರಿನಲ್ಲಿ. ಎಲ್ಲ ಅಳಿಸಿದೆ. ಮತ್ತೆ ಬರೆದೆ, ಯಾರು ಏನು ಹೇಳಿದರೋ ಅಷ್ಟೇ. ತಲೆಬರಹ: "ಕುರಿ ಕರೆದವರು ತೋಟದವರೇ, ನಿನ್ನೆಯ ನಮ್ಮ ವರದಿ ತಪ್ಪು". ಯಲ್ಲಾಲಿಂಗ ಅವರಿಗೂ ಅಮರಪ್ಪ ಅವರಿಗೂ "ಅವರು" ಎಂದೇ ಇತ್ತು. ಒಂದು ಸಾಲನ್ನು ಮಾತ್ರ ಬೇಕೆಂದೇ ಬರೆಯದೆ ಬಿಟ್ಟೆ. ಮಾಡಿದ ಪಾಪಕ್ಕೆ ಪ್ರಾಯಶ್ಚಿತ್ತ ಎಂದುಕೊಂಡು ಬಿಟ್ಟೆ.

ಗುರುಬಾಯಿ ಓದಿ ಮುಗಿಸಿದರು. "ದಬ್ಬಿದ್ದು ಎಲ್ಲೈತಿ?"

"ಅದು ಬ್ಯಾಡ ಬಿಡ್ರಿ ಅಕ್ಕಾರ. ಮಲ್ಲಿನಾಥ ಅದನ್ನ ಓದಿದ್ರ ಮತ್ತ ಹಿಂದ ಸರೀತಾನ. ನಿಮ್ಮ ಕುರಿ ಹೋಗೂದು ಮುಖ್ಯ."

ಅವರು ಪರದೆಯಿಂದ ಕಣ್ಣು ತೆಗೆದರು. ಕಿಟಕಿಯ ಆಚೆ ಸ್ಟೇಷನ್ ರಸ್ತೆಯ ಆಟೊಗಳ ಗದ್ದಲ. ಗಡಿಯಾರ ನಾಲ್ಕು ಮುಕ್ಕಾಲು. ಆ ಮುಖದಲ್ಲಿ ಮೊದಲ ಸಲ ಭಯ ಕಂಡೆ.

"ಅಂಜಿಕಿ ಐತಿ," ಅಂದರು. "ಕುರಿ ಹೋದ್ರ ನಮ್ಮದು ಅಂತ ಏನೂ ಉಳಿಯೂದಿಲ್ಲ. ಆದ್ರ ಮುಂಜಾನಿ ಸುದ್ದಿ ಅಮರಪ್ಪಣ್ಣನ ಕಡಿ ವಾಲಿತ್ತು, ಅದಕ್ಕ ನಾ ಇಲ್ಲಿ ತನಕ ಬಂದೇನಿ. ಇದು ನಮ್ಮ ಕಡಿ ವಾಲಿದ್ರ ಅವರೂ ಬಸ್ ಹತ್ತಿ ಬರಬೇಕೇನು? ನಾಳೆ ಇದನ್ನ ಓದಾಕಿ ನಾನ. ಅಮರಪ್ಪಣ್ಣನೂ ಕೇಳತಾನ. ಬರೀರಿ ಅದನ್ನ."

ಬರೆದೆ: "ಮಾತಿಗೆ ಮಾತು ಬೆಳೆದು ಯಲ್ಲಾಲಿಂಗ ಅವರು ಅಮರಪ್ಪ ಅವರನ್ನು ದಬ್ಬಿದ್ದು ನಿಜ." ಸಂಪಾದಕರು ಬಂದು ನಿಂತು ಓದಿದರು, ಕಳಿಸು ಎಂದರು. ಅದೇ ಮೂರನೆಯ ಪುಟ, ಅದೇ ಜಾಗ, ಅಷ್ಟೇ ಅಗಲ. ಐದಕ್ಕೆ ಎರಡು ನಿಮಿಷ ಇರುವಾಗ ಅಂಜುಮ ಪುಟ ಕಳಿಸಿ ಕುರ್ಚಿಗೆ ಒರಗಿದಳು. ನಾನು ಅವರನ್ನು ಬಸ್ ನಿಲ್ದಾಣಕ್ಕೆ ಬಿಟ್ಟು ಬಂದೆ.

ಮರುದಿನ ನಸುಕಿಗೇ ಎದ್ದೆ. ಮನೆಯವಳು ಎಲ್ಲಿಗೆ ಎಂದರೆ "ಪೇಪರ್ ಓದೋದು ಕೇಳಾಕ" ಎಂದೆ, ತಲೆ ಕೆಟ್ಟಿದೆ ಎಂಬಂತೆ ನೋಡಿದಳು. ಏಳೂವರೆಗೆ ಬಿಜ್ಜರಗಿಯ ಗಿರಣಿ ಕಟ್ಟೆಯ ಮೂಲೆಯಲ್ಲಿ ಕೂತಿದ್ದೆ. ಕಟ್ಟೆ ತುಂಬಿ ಜನ ರಸ್ತೆಯಲ್ಲೂ ನಿಂತಿದ್ದರು. ಅಮರಪ್ಪ ಬಂದಿದ್ದರು, ಸೊಲ್ಲಾಪುರದ ಮಗಳೂ ಪಕ್ಕದಲ್ಲಿದ್ದಳು. ಯಲ್ಲಾಲಿಂಗ ಎಲ್ಲರಿಗಿಂತ ಹಿಂದೆ, ಕೋಲೂ ಇಲ್ಲದೆ ಬರಿಗೈಯಲ್ಲಿ ನಿಂತಿದ್ದರು. ನನ್ನ ಬರಹವನ್ನು ಬೇರೆಯವರ ಬಾಯಲ್ಲಿ ಕೇಳುವುದು ಎಷ್ಟು ಕಷ್ಟ ಎಂದು ಅಂದು ತಿಳಿಯಿತು. ಗುರುಬಾಯಿ ಓದಿದರು. "ನಮ್ಮ ವರದಿ ತಪ್ಪು" ಎಂದಾಗ ಜನ ಗುಜುಗುಜು ಎಂದರು. "ದಬ್ಬಿದ್ದು ನಿಜ" ಎಂದಾಗ ತಿರುಗಿ ಯಲ್ಲಾಲಿಂಗ ಅವರನ್ನು ನೋಡಿದರು. ಅವರು ಆ ಸಾಲಿನಲ್ಲಿ ಅವಸರ ಮಾಡಲಿಲ್ಲ. ಮುಗಿಸಿ ಕೈ ಎತ್ತಿದರು. ಮೂರು ಬೆರಳು.

ಎಂಟಾಯಿತು. ಫೋನು ಬರಲಿಲ್ಲ. ಎಂಟೂಕಾಲಾಯಿತು. ಜನ ಒಬ್ಬೊಬ್ಬರೇ ಎದ್ದು ಹೋದರು. ನಾನು ಮನಸ್ಸಿನಲ್ಲೇ ಆ ಒಂದು ಸಾಲನ್ನು ಶಪಿಸುತ್ತ ಕೂತಿದ್ದೆ. ಎಂಟೂವರೆಗೆ ಗುರುಬಾಯಿಯ ಫೋನು ಬಡಿಯಿತು. ಗಂಡನಿಗೂ ಕೇಳಲಿ ಎಂದು ಅವರು ಸ್ಪೀಕರ್ ಹಾಕಿದರು. ಬಬಲೇಶ್ವರದ ಮಲ್ಲಿನಾಥ.

"ಪೇಪರ್ ನೋಡಿದ್ವಿ ರಿ. ನಿಮ್ಮ ಯಜಮಾನ್ರು ದಬ್ಬಿದ್ದು ಖರೇನ?"

ಗುರುಬಾಯಿ ಗಂಡನ ಕಡೆ ನೋಡಿದರು. "ಖರೇ ರಿ," ಅಂದರು.

ಆ ಕಡೆ ಮಲ್ಲಿನಾಥ ಯಾರೊಂದಿಗೋ ಏನೋ ಅಂದದ್ದು ಕೇಳಿಸಿತು.

"ತಮ್ಮ ತಪ್ಪನ್ನೂ ಬರಸ್ಯಾರ ಅಂದ್ರ ಉಳಿದದ್ದು ಸುಳ್ಳ ಇರೂದಿಲ್ಲ ಅಂತ ನಮ್ಮಪ್ಪಗ ಹೇಳಿದೆ. ಗುರುವಾರ ಕುರಿ ಹೊಡಕೊಂಡು ಬರ್ರಿ. ಬಾಜೂ ಹೊಲದವರಿಗೂ ಹೇಳಿಟ್ಟೇನಿ."

ಯಲ್ಲಾಲಿಂಗ ಕಟ್ಟೆಯ ಮೇಲೆ ಕೂತುಬಿಟ್ಟರು. ಗುರುಬಾಯಿ ಫೋನು ಇಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, "ಇದನ್ನ ಅತ್ತಾಳ ಅಂತ ಬರೀಬ್ಯಾಡ್ರಿ ಮತ್ತ, ಸೆಕಿ ಆಗೈತಿ" ಅಂದರು. ಹತ್ತೊಂಬತ್ತು ವರ್ಷದಲ್ಲಿ ನಮ್ಮ ಪತ್ರಿಕೆಯನ್ನು ಒಬ್ಬ ಮನುಷ್ಯ ನಿಜವಾಗಿ ನಂಬಿದ್ದನ್ನು ನಾನು ಕಿವಿಯಾರೆ ಕೇಳಿದ್ದು ಅಂದೇ. ನಂಬಿಸಿದ್ದು ನಾನು ಬರೆಯದೆ ಬಿಟ್ಟಿದ್ದ ಆ ಸಾಲು.